ಮಳೆಗಾಲ ಹತ್ರ ಬಂತು: ಹಳೇ ಇಂಕ್ ಪೆನ್ನು, ಫಿಲ್ಮ್ ಕ್ಯಾಮೆರಾ ಎರಡನ್ನೂ ಒಂದೇ ಡಬ್ಬದಲ್ಲಿ ಇಡಬಹುದಾ?

ಸಾಗರದ ಹಕ್ಕಿ
ಎಲ್ಲರಿಗೂ ನಮಸ್ಕಾರ. ನಮ್ಮದು ಸಾಗರದ ಹತ್ರ ಒಂದು ಹಳ್ಳಿ. ಜೂನ್ ಹಿಡಿದರೆ ಸೆಪ್ಟೆಂಬರ್ ತನಕ ಮನೆಯೊಳಗೆ ಏನೂ ಒಣಗಲ್ಲ, ಬೀರುವಿನಲ್ಲಿಟ್ಟ ಬೆಲ್ಟಿಗೂ ಬೂಷ್ಟು ಬರುತ್ತೆ. ನನ್ನ ಹತ್ರ ಇರೋದು ಒಂದು ಜೆನಿಟ್ ಇ ಕ್ಯಾಮೆರಾ, ಅದರ ಜೊತೆ ಬಂದ ಹೀಲಿಯೋಸ್ 44-2 ಲೆನ್ಸು, ಒಂದು ಯಾಶಿಕಾ ಎಲೆಕ್ಟ್ರೋ 35 ಕ್ಯಾಮೆರಾ. ಪೆನ್ನುಗಳಲ್ಲಿ ಒಂದು ಪಾರ್ಕರ್ 51, ರಾಜಮಂಡ್ರಿಯ ಕಪ್ಪು ಎಬೊನೈಟ್ (ಗಟ್ಟಿ ರಬ್ಬರಿನ) ಪೆನ್ನು, ಆಮೇಲೆ ಪಕ್ಕದಲ್ಲಿ ಮಸಿ ತುಂಬಿಸೋ ಲಿವರ್ ಇರೋ ಹಸಿರು ಪಟ್ಟೆ ಸೆಲ್ಯುಲಾಯ್ಡ್ ಪೆನ್ನು, ಅದರ ಮೇಲಿನ ಹೆಸರು ಅಳಿಸಿಹೋಗಿದೆ.

ಹೀಲಿಯೋಸ್ ಒಳಗೆ ಟಾರ್ಚ್ ಬಿಟ್ಟು ನೋಡಿದರೆ ಅಂಚಿನಲ್ಲಿ ತೆಳ್ಳಗೆ ಬಿಳಿ ಎಳೆಗಳು ಕವಲೊಡೆದಿರೋದು ಕಾಣ್ತಿದೆ. ಎಬೊನೈಟ್ ಪೆನ್ನಿನ ಕ್ಯಾಪು ಕಂದು ಬಣ್ಣಕ್ಕೆ ತಿರುಗಿದೆ. ಗಾಳಿ ಆಡದ ದೊಡ್ಡ ಪ್ಲಾಸ್ಟಿಕ್ ಡಬ್ಬ ತಂದು, ಸಿಲಿಕಾ ಜೆಲ್ ಹಾಕಿ, ಎಲ್ಲವನ್ನೂ ಒಟ್ಟಿಗೆ ಅದರಲ್ಲಿಟ್ಟು ಮುಚ್ಚೋಣ ಅಂತಿದ್ದೀನಿ. ಸರಿಯಾ? ಇನ್ನೊಂದು, ನಮ್ಮ ಮಾವ ಹೇಳ್ತಾರೆ, "ಇಂಥವನ್ನು ಬಳಸಬಾರದು, ಹಾಗೇ ಇಟ್ಟರೆ ಬೆಲೆ ಬರುತ್ತೆ" ಅಂತ. ನೀವೇನಂತೀರಿ?

ಕತ್ತಲೆಕೋಣೆ
ಡಬ್ಬ ಸರಿ. ಆದರೆ ಮೊದಲು ಕ್ಯಾಮೆರಾಗಳನ್ನು ಚರ್ಮದ ಕವರಿನಿಂದ ಹೊರಗೆ ತೆಗೀರಿ. ಆ ಚರ್ಮ ತೇವ ಹಿಡಿದಿಟ್ಟುಕೊಳ್ಳುತ್ತೆ, ಬೂಷ್ಟು ಅಲ್ಲಿಂದಲೇ ಲೆನ್ಸಿಗೆ ಹತ್ತೋದು. ಕವರನ್ನು ಡಬ್ಬದೊಳಗೆ ಹಾಕಲೇಬೇಡಿ. ತೇವಾಂಶ ಶೇ. 65 ದಾಟಿ ಹಾಗೇ ನಿಂತರೆ ಫಂಗಸ್ ಬೆಳೆಯೋಕೆ ಶುರು. ಡಬ್ಬದಲ್ಲಿ ಶೇ. 40ರಿಂದ 50ರ ನಡುವೆ ಇರಲಿ. ಸಣ್ಣ ಡಿಜಿಟಲ್ ಮೀಟರ್ ಸಿಗುತ್ತೆ, ಒಂದು ಒಳಗೆ ಹಾಕಿಡಿ. ತೀರಾ ಒಣಗಿಸೋದೂ ಒಳ್ಳೇದಲ್ಲ.

ಯಾಶಿಕಾದ ಬ್ಯಾಟರಿ ತೆಗೆದಿಡಿ. ಮಳೆಗಾಲದಲ್ಲಿ ಬ್ಯಾಟರಿ ಸೋರಿದರೆ ಒಳಗಿನ ತಾಮ್ರದ ತಗಡು ಹಸಿರುಗಟ್ಟುತ್ತೆ.

ನಿಬ್ಬುಮಸಿ
ತಡೀರಿ ತಡೀರಿ. ಕ್ಯಾಮೆರಾಕ್ಕೆ ಹೇಳಿದ್ದು ಪೆನ್ನಿಗೆ ಆಗಲ್ಲ. ಆ ಹಸಿರು ಪಟ್ಟೆ ಪೆನ್ನನ್ನು ಮುಚ್ಚಿದ ಡಬ್ಬಕ್ಕೆ ಹಾಕಬೇಡಿ ಸರ್.

ಹಳೇ ಸೆಲ್ಯುಲಾಯ್ಡ್ ಅಂದರೆ ಸೆಲ್ಯುಲೋಸ್ ನೈಟ್ರೇಟ್. ಅದು ನಿಧಾನವಾಗಿ ಆಮ್ಲದ ಆವಿ ಬಿಡುತ್ತಾ ಇರುತ್ತೆ. ಗಾಳಿ ಆಡಿದರೆ ಆ ಆವಿ ಹೋಗುತ್ತೆ. ಮುಚ್ಚಿಟ್ಟರೆ ಅಲ್ಲೇ ಸುತ್ತಿ ಅದನ್ನೇ ತಿನ್ನುತ್ತೆ, ಪಕ್ಕದಲ್ಲಿರೋ ಲೋಹದ ಕ್ಲಿಪ್ಪನ್ನೂ ಬಿಡಲ್ಲ. ಮೊದಲು ಬಣ್ಣ ಮಂಕಾಗುತ್ತೆ, ಆಮೇಲೆ ಒಳಗಿಂದ ಸಣ್ಣ ಸಣ್ಣ ಬಿರುಕು. ಒಮ್ಮೆ ಬಿರುಕು ಬಿಟ್ಟ ಸೆಲ್ಯುಲಾಯ್ಡನ್ನು ಸರಿಮಾಡೋಕೆ ಯಾರಿಂದಲೂ ಆಗಲ್ಲ. ಹಾಗಾಗಿ ಹತ್ತಿ ಬಟ್ಟೆಯ ಚೀಲ, ಗಾಳಿ ಬರೋ ಮರದ ಡ್ರಾ, ಬಿಸಿಲು ಬೀಳದ ಜಾಗ. ಅಷ್ಟು ಸಾಕು.

ಲಿವರ್ ಪೆನ್ನಿನೊಳಗಿನ ರಬ್ಬರ್ ಚೀಲ ಇನ್ನೂ ಇದೆಯಾ ನೋಡಿ. ಹಳೇ ರಬ್ಬರು ಬಿಡೋ ಗಂಧಕದ ಆವಿಗೂ ತಿಳಿ ಬಣ್ಣದ ಸೆಲ್ಯುಲಾಯ್ಡ್ ಕಪ್ಪಾಗುತ್ತೆ. ಎಷ್ಟೋ ಹಸಿರು ಪೆನ್ನುಗಳಲ್ಲಿ ಕ್ಯಾಪು ಹಸಿರಾಗೇ ಇದ್ದು ಬ್ಯಾರೆಲ್ ಮಾತ್ರ ಕಂದಾಗಿರೋದು ಇದೇ ಕಾರಣಕ್ಕೆ.

ಮೈಸೂರು ಮಂಜು
ಅಕ್ಕಿ ಡಬ್ಬದಲ್ಲಿ ಇಟ್ರೆ ಆಗಲ್ವಾ? ನಮ್ಮನೇಲಿ ನೀರಿಗೆ ಬಿದ್ದ ಮೊಬೈಲಿಗೆ ಹಾಗೇ ಮಾಡ್ತಾರೆ.

ಕತ್ತಲೆಕೋಣೆ
@ಮೈಸೂರು ಮಂಜು ಬೇಡ. ಅಕ್ಕಿಯ ಹಿಟ್ಟು ಲೆನ್ಸ್ ರಿಂಗಿನೊಳಗೆ ಹೋಗುತ್ತೆ, ಅದು ಫಂಗಸ್ಸಿಗೆ ಊಟ.

ಉಡುಪಿಯಿಂದ
ಸಿಲಿಕಾ ಜೆಲ್ ಬಗ್ಗೆ ಒಂದು ಮಾತು ಮಾರಾಯ್ರೆ. ನೀಲಿ ಹರಳು ಗುಲಾಬಿ ಆಗುವುದುಂಟಲ್ಲ, ಅದರಲ್ಲಿ ಕೋಬಾಲ್ಟ್ ಕ್ಲೋರೈಡ್ ಇರ್ತದೆ, ವಿಷ. ಅದನ್ನು ಅಡುಗೆ ಬಾಣಲೆಯಲ್ಲಿ ಹಾಕಿ ಹುರಿಯಬೇಡಿ. ಕಿತ್ತಳೆ ಬಣ್ಣದ್ದು ತಗೊಳ್ಳಿ, ಅದಕ್ಕೂ ಬೇರೆ ಪಾತ್ರೆ ಇಡಿ. ಸಣ್ಣ ಉರಿಯಲ್ಲಿ ಬಿಸಿ ಮಾಡಿದರೆ ಮತ್ತೆ ಬಣ್ಣ ತಿರುಗ್ತದೆ, ಮತ್ತೆ ಬಳಸಬಹುದು. ನಮ್ಮ ಕಡೆ ಜುಲೈಯಲ್ಲಿ ವಾರಕ್ಕೊಮ್ಮೆ ಇದೇ ಕೆಲಸ.

ಬಸವನಗುಡಿ ಕ್ಲಿಕ್
ಇಷ್ಟೆಲ್ಲ ಯಾಕೆ ಗುರು? ಫಂಗಸ್ ಬಂದಿರೋ ಕ್ಯಾಮೆರಾನ ಒಳ್ಳೇ ಬಿಸಿಲಲ್ಲಿ ನಾಲ್ಕು ದಿನ ಇಡಿ. ನೇರಳಾತೀತ ಕಿರಣಕ್ಕೆ ಸತ್ತುಹೋಗುತ್ತೆ.

ಕತ್ತಲೆಕೋಣೆ
@ಬಸವನಗುಡಿ ಕ್ಲಿಕ್ ಅರ್ಧ ಸರಿ, ಅರ್ಧ ಅಪಾಯ. ಬಿಸಿಲಿಗೆ ಲೆನ್ಸನ್ನು ಮಾತ್ರ ಬಿಚ್ಚಿ ಇಡಬಹುದು, ಅದೂ ಸ್ವಲ್ಪ ಹೊತ್ತು. ಕ್ಯಾಮೆರಾ ಸಮೇತ ಬೇಡವೇ ಬೇಡ. ಜೋರ್ಕಿ, ಫೆಡ್ ಥರದ (ಲೆನ್ಸಿನ ಮೂಲಕವಲ್ಲ, ಬೇರೆ ಕಿಂಡಿಯಿಂದ ನೋಡಿ ಫೋಕಸ್ ಮಾಡೋ) ರೇಂಜ್‌ಫೈಂಡರುಗಳಲ್ಲಿ ಮುಂದೆ ಕನ್ನಡಿ ಇಲ್ಲ, ಬಟ್ಟೆಯ ಶಟರ್ ಇರುತ್ತೆ. ಸೂರ್ಯನ ಕಡೆ ಮುಖ ಮಾಡಿಟ್ಟರೆ ಲೆನ್ಸ್ ಬೆಳಕನ್ನು ಒಂದು ಚುಕ್ಕಿಗೆ ತಂದು ಆ ಬಟ್ಟೆಯನ್ನು ಸುಡುತ್ತೆ. ಆಮೇಲೆ ಪ್ರತಿ ಫೋಟೋದಲ್ಲೂ ಒಂದು ಬೆಳಕಿನ ಚುಕ್ಕೆ. ಜೆನಿಟ್ ಇ ನಲ್ಲಿ ಕನ್ನಡಿ ಇದೆ ನಿಜ, ಆದರೆ ಅದರ ನೆತ್ತಿ ಮೇಲಿನ, ಬೆಳಕು ಅಳೆಯೋ ಸೆಲೆನಿಯಂ ಮೀಟರಿಗೆ ಬಿಸಿಲು ಜಾಸ್ತಿಯಾದರೆ ಬೇಗ ಸೋಲುತ್ತೆ. ಆ ಮೀಟರಿಗೆ ಬ್ಯಾಟರಿ ಬೇಡ ಅನ್ನೋದು ಎಷ್ಟು ದೊಡ್ಡ ಅನುಕೂಲವೋ, ಒಮ್ಮೆ ಸತ್ತರೆ ಹೊಸದು ಸಿಗಲ್ಲ ಅನ್ನೋದು ಅಷ್ಟೇ ದೊಡ್ಡ ತೊಂದರೆ.

ಇನ್ನೊಂದು, ಬಿಸಿಲಿಗೆ ಫಂಗಸ್ ಸತ್ತರೂ ಅದರ ಎಳೆ ಗಾಜಿನ ಮೇಲೇ ಉಳಿಯುತ್ತೆ. ಅದನ್ನು ಒರೆಸಲೇಬೇಕು. ಹೀಲಿಯೋಸ್ 44-2 ಬಿಚ್ಚೋಕೆ ಸುಲಭವಾದ ಲೆನ್ಸು. ಮೂರು ಪರ್ಸೆಂಟ್ ಹೈಡ್ರೋಜನ್ ಪೆರಾಕ್ಸೈಡ್, ತೆಳು ಅಮೋನಿಯಾ ಸಮ ಬೆರೆಸಿ ಲೆನ್ಸ್ ಟಿಶ್ಯೂನಲ್ಲಿ ಒರೆಸಿ, ಕಿಟಕಿ ತೆಗೆದಿರಲಿ. ಬಟ್ಟೆಗೆ ಹಾಕೋ ಬ್ಲೀಚ್ ಮಾತ್ರ ಅಮೋನಿಯಾ ಜೊತೆ ಸೇರಬಾರದು, ವಿಷಗಾಳಿ ಬರುತ್ತೆ. ಈಗಲೇ ಮಾಡಿ. ತಡ ಮಾಡಿದರೆ ಫಂಗಸ್ ಬಿಡೋ ಆಮ್ಲ ಗಾಜಿನ ಲೇಪನವನ್ನೇ ಕೊರೆದುಬಿಡುತ್ತೆ.

ಸಾಗರದ ಹಕ್ಕಿ
ಇದೊಂದು ಕಾರಣಕ್ಕೇ ಕೇಳಿದ್ದು ಒಳ್ಳೇದಾಯ್ತು. ಪೆನ್ನು ಬೇರೆ, ಕ್ಯಾಮೆರಾ ಬೇರೆ, ಅರ್ಥ ಆಯ್ತು. ಎಬೊನೈಟ್ ಕಂದಾಗಿರೋದಕ್ಕೆ ಏನು ಮಾಡ್ಲಿ? ಬಿಸಿನೀರಲ್ಲಿ ತೊಳೀಬಹುದಾ?

ನಿಬ್ಬುಮಸಿ
ಬಿಸಿನೀರು ಬೇಡ, ಬಿಸಿಲೂ ಬೇಡ. ಎಬೊನೈಟ್ ಅಂದರೆ ಗಂಧಕ ಸೇರಿಸಿ ಗಟ್ಟಿ ಮಾಡಿದ ರಬ್ಬರು. ಬೆಳಕು, ತೇವ ಎರಡೂ ಸೇರಿದರೆ ಮೇಲ್ಮೈ ಕಂದಾಗುತ್ತೆ. ನೀರಲ್ಲಿ ನೆನೆ ಹಾಕಿದರೆ ಇನ್ನೂ ಹೆಚ್ಚು. ನಿಬ್ಬು, ಅದರ ಕೆಳಗೆ ಮಸಿ ಹರಿಸೋ ನಾಲಿಗೆ ಮಾತ್ರ ತಣ್ಣೀರಿನಲ್ಲಿ ತೊಳೆದು, ಬಾಡಿಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ತಕ್ಷಣ ಒಣಗಿಸಿ. ಕಂದು ಹೋಗಬೇಕಂದರೆ ನಯವಾದ ಪಾಲಿಶ್ ಪ್ಯಾಡಿನಲ್ಲಿ ಉಜ್ಜಬೇಕು, ಆದರೆ ಅದರ ಮೇಲೆ ಕೆತ್ತಿದ ಹೆಸರು ಇದ್ದರೆ ಅದೂ ಅಳಿಸುತ್ತೆ. ಹೆಸರು ಮುಖ್ಯವೋ ಕಪ್ಪು ಬಣ್ಣ ಮುಖ್ಯವೋ ನೀವೇ ನಿರ್ಧರಿಸಿ. ನನ್ನ ಕೇಳಿದರೆ ಕಂದು ಹಾಗೇ ಇರಲಿ, ಅದು ಅದರ ವಯಸ್ಸು.

ಪಾರ್ಕರ್ 51 ಬಗ್ಗೆ ಹೆದರಬೇಡಿ. 1941ರಿಂದ ಮಾರಾಟಕ್ಕೆ ಬಂದ ಪೆನ್ನು, ಬಾಡಿ ಲ್ಯೂಸೈಟ್ ಅನ್ನೋ ಗಟ್ಟಿ ಪ್ಲಾಸ್ಟಿಕ್. 1948ರ ನಂತರದ ಏರೋಮೆಟ್ರಿಕ್ (ಚೀಲ ಒತ್ತಿ ಮಸಿ ತುಂಬಿಸೋದು) ಆಗಿದ್ದರೆ ಒಳಗಿನ ಚೀಲ ರಬ್ಬರಲ್ಲ, ಪ್ಲಾಸ್ಟಿಕ್ಕು, ಕೊಳೆಯಲ್ಲ. ಎಷ್ಟೋ ಪೆನ್ನುಗಳಲ್ಲಿ ಮೂಲ ಚೀಲ ಇವತ್ತಿಗೂ ಮಸಿ ಎಳೆಯುತ್ತೆ. ಅದಕ್ಕೂ ಹಿಂದಿನ ವ್ಯಾಕ್ಯುಮ್ಯಾಟಿಕ್ (ಹಿಂಬದಿಯ ಗುಂಡಿ ಒತ್ತಿ ತುಂಬಿಸೋದು) ಆಗಿದ್ದರೆ ಮಾತ್ರ ಒಳಗಿನ ರಬ್ಬರ್ ಪರದೆ ಬದಲಾಯಿಸಬೇಕಾಗುತ್ತೆ.

ಗೋದಾವರಿ ತೀರ
ನಾನು ಕೆಲಸದ ಮೇಲೆ ರಾಜಮಂಡ್ರಿಯಲ್ಲಿರೋ ಕನ್ನಡಿಗ. ಇಲ್ಲಿನ ರತ್ನಂ ಪೆನ್ನುಗಳ ಚರಿತ್ರೆ ಗೊತ್ತಿರಬೇಕಲ್ಲ. ಸ್ವದೇಶಿ ಚಳವಳಿಯ ಕಾಲದಲ್ಲಿ ಕೆ.ವಿ. ರತ್ನಂ ಅವರು ಮಾಡಿಕೊಟ್ಟ ಪೆನ್ನಿನಲ್ಲೇ ಬರೆದು ಗಾಂಧೀಜಿ 1935ರಲ್ಲಿ ಅವರಿಗೆ ಪತ್ರ ಕಳಿಸಿದ್ದರು. ಎಬೊನೈಟ್ ಕಡ್ಡಿಯನ್ನು ಲೇತಿನಲ್ಲಿ ಕೈಯಾರೆ ಕಡೆದು ಪೆನ್ನು ಮಾಡೋದು ನೋಡಿದರೆ ಮತ್ತೆ ಪ್ಲಾಸ್ಟಿಕ್ ಪೆನ್ನು ಹಿಡಿಯೋಕೆ ಮನಸ್ಸು ಬರಲ್ಲ. ಹೊಸದಾಗಿ ಕಡೆಯುವಾಗ ಗಂಧಕದ ವಾಸನೆ ಕೋಣೆ ತುಂಬಾ ಇರುತ್ತೆ.

ಧಾರವಾಡದ ಗೌಡ್ರು
ನಮ್ಮ ಕಡೆ ಬೂಷ್ಟಿನ ಚಿಂತಿ ಇಲ್ರಿ, ಧೂಳಿಂದ ತ್ರಾಸು. ಆದ್ರ ನಿಮ್ಮ ಮಾವನವರ ಮಾತಿಗೆ ನನ್ನ ಒಪ್ಪಿಗಿ ಇಲ್ಲ ನೋಡ್ರಿ. ಬಂದ್ ಇಟ್ಟ ಸಾಮಾನು ಲಗೂ ಕೆಡತಾವ. ಕ್ಯಾಮೆರಾದ ಎಣ್ಣಿ ಒಣಗಿ ಶಟರ್ ಹಿಡಕೋತದ. ಪೆನ್ನಿನ್ಯಾಗ ಮಸಿ ಗಟ್ಟಿ ಆಗಿ ನಾಲಿಗಿ ಕಟ್ಟತದ. ತಿಂಗಳಿಗೊಮ್ಮಿ ಖಾಲಿ ಕ್ಯಾಮೆರಾನ ಎಲ್ಲಾ ಸ್ಪೀಡಿನ್ಯಾಗೂ ಹೊಡೀರಿ, ಪೆನ್ನಿನಿಂದ ಒಂದು ಪುಟ ಬರೀರಿ. ಬಳಸೂದ ಅದಕ್ಕ ಔಷಧ.

ಸಂಗ್ರಹಕಾರ ಶಿವಾಜಿನಗರ
ನಾನು ಮಾವನವರ ಪರ. ಎಲ್ಲರೂ ಬಳಸಿ ಬಳಸಿ ಅಂತಾರೆ. ಅಂಗಡಿಯಿಂದ ಬಂದ ಹಾಗೇ, ಮಸಿ ಮುಟ್ಟದ, ಬೆಲೆ ಚೀಟಿ ಅಂಟಿದ ಪೆನ್ನು ಸಿಕ್ಕರೆ ಅದಕ್ಕೆ ಮಸಿ ತುಂಬಿಸೋದು ನನ್ನ ಮಟ್ಟಿಗೆ ತಪ್ಪು. ಅದು ಆ ಕಾಲದ ದಾಖಲೆ. ಒಂದು ಸಲ ಕೆಂಪು ಮಸಿ ಹಾಕಿದರೆ ಒಳಗೆ ಕಲೆ ಉಳಿಯುತ್ತೆ, ವಾಪಸ್ ತರೋಕಾಗಲ್ಲ. ನನ್ನ ಹತ್ರ ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್‌ನ 'ಇಂದು' ಬ್ಲ್ಯಾಕ್ ಅಂಡ್ ವೈಟ್ ರೋಲ್ ಬಿಚ್ಚದ ಡಬ್ಬದಲ್ಲಿದೆ. ಸರ್ಕಾರಿ ಕಾರ್ಖಾನೆ, 1960ರಲ್ಲಿ ಶುರುವಾಗಿ 1967ರಲ್ಲಿ ಉತ್ಪಾದನೆಗೆ ಇಳಿದದ್ದು, ಈಗ ಮುಚ್ಚಿದೆ. ಅದನ್ನು ತೆಗೆದು ಫೋಟೋ ಹೊಡೆದರೆ ಮಬ್ಬು ನೆಗೆಟಿವ್ ಬಿಟ್ಟು ಏನು ಸಿಗುತ್ತೆ? ಡಬ್ಬ ಇದ್ದರೆ ನಮ್ಮ ದೇಶದಲ್ಲೂ ಫಿಲ್ಮ್ ತಯಾರಾಗ್ತಿತ್ತು ಅಂತ ಮಕ್ಕಳಿಗೆ ತೋರಿಸಬಹುದು.

ಧಾರವಾಡದ ಗೌಡ್ರು
'ಇಂದು' ಡಬ್ಬಿ ವಿಚಾರ ಒಪ್ಪತೇನ್ರಿ. ಅದನ್ನ ಬಿಚ್ಚಬ್ಯಾಡ್ರಿ. ಆದ್ರ ಸಾಗರದವರ ಪೆನ್ನು, ಕ್ಯಾಮೆರಾ ಮೊದಲ ಬಳಸಿದ್ದವು. ಬಳಸಿದ್ದನ್ನ ಮತ್ತ ಕಪಾಟಿನ್ಯಾಗ ಇಟ್ಟು ಯಾರಿಗೆ ತೋರಸೋದು?

ಎಬೊನೈಟ್ ಅಕ್ಕ
ಎರಡೂ ಕಡೆ ಸ್ವಲ್ಪ ಸ್ವಲ್ಪ ನ್ಯಾಯ ಇದೆ, ಆದರೆ ಲಿವರ್ ಪೆನ್ನಿನ ಚೀಲ ಬದಲಾಯಿಸದೇ ಯಾವ ಕಡೆಗೂ ಹೋಗೋಕಾಗಲ್ಲ. ಬಳಸದೆ ಇಟ್ಟರೂ ರಬ್ಬರ್ ಒಣಗಿ ಪುಡಿಯಾಗುತ್ತೆ. ಬಳಸಿದರೂ ಸೋರುತ್ತೆ. ಕೆಲಸ ಹೀಗಿದೆ: ನಿಬ್ಬಿರೋ ಮುಂಭಾಗವನ್ನು ಬ್ಯಾರೆಲ್ಲಿನಿಂದ ಬಿಡಿಸಬೇಕು. ಕೂದಲು ಒಣಗಿಸೋ ಯಂತ್ರದಿಂದ ಹದವಾಗಿ ಬೆಚ್ಚಗೆ ಮಾಡಿದರೆ ಸಡಿಲವಾಗುತ್ತೆ. ಸೆಲ್ಯುಲಾಯ್ಡ್ ಭಗ್ ಅಂತ ಹೊತ್ತಿಕೊಳ್ಳೋ ವಸ್ತು, ಮೇಣದಬತ್ತಿ, ಗ್ಯಾಸಿನ ಉರಿ ಹತ್ತಿರವೂ ತರಬೇಡಿ. ಹಳೇ ಚೀಲದ ಚೂರೆಲ್ಲ ಕೆರೆದು, ಹೊಸ ಚೀಲವನ್ನು ಅಳತೆಗೆ ಕತ್ತರಿಸಿ, ತುದಿಗೆ ಶೆಲ್ಲಾಕ್ ಅಂಟು ಹಚ್ಚಿ ಕೂರಿಸಿ, ಒಂದು ರಾತ್ರಿ ಒಣಗಲು ಬಿಟ್ಟು, ಮೇಲೆ ಟಾಲ್ಕ್ ಪುಡಿ ಸವರಿ ಒಳಗೆ ಹಾಕಿ. ಫೆವಿಕ್ವಿಕ್ ಬೇಡ. ಶೆಲ್ಲಾಕ್ ಆದರೆ ಮುಂದೆ ಯಾರೇ ಬೆಚ್ಚಗೆ ಮಾಡಿ ಬಿಡಿಸಬಹುದು.

ಬೊಂಬೆ ಊರಿನವ
@ಎಬೊನೈಟ್ ಅಕ್ಕ ನಮ್ಮ ಚನ್ನಪಟ್ಟಣದ ಬೊಂಬೆಗೆ ಹಚ್ಚೋ ಅರಗೂ ಇದೂ ಒಂದೇ ಮೂಲ ಅಲ್ವಾ ಅಕ್ಕ?

ಎಬೊನೈಟ್ ಅಕ್ಕ
ಒಂದೇ ಮೂಲ ತಮ್ಮ. ಅರಗಿನ ಹುಳ ಮಾಡೋದನ್ನು ಸೋಸಿ ಹಾಳೆ ಹಾಳೆ ಮಾಡಿದರೆ ಶೆಲ್ಲಾಕ್. ಆದರೆ ಬೊಂಬೆಯ ಬಣ್ಣದ ಅರಗು ಇದಕ್ಕೆ ಬರಲ್ಲ. ಬಣ್ಣ ಬೆರೆಸದ ಹಳದಿ ಚಕ್ಕೆ ತಂದು ಸ್ಪಿರಿಟ್ಟಿನಲ್ಲಿ ಕರಗಿಸಿಕೋ.

ಉಡುಪಿಯಿಂದ
ಮಸಿಗೂ ಬೂಷ್ಟು ಬರ್ತದೆ, ಅದನ್ನು ಯಾರೂ ಹೇಳ್ಲಿಲ್ಲ. ಬಾಟಲಿ ಮುಚ್ಚಳ ತೆಗೆದಾಗ ಮೇಲೆ ಪದರ ಕಂಡರೆ, ವಾಸನೆ ಬದಲಾಗಿದ್ದರೆ ಇಡೀ ಬಾಟಲಿ ಚೆಲ್ಲಿ. ಅದಕ್ಕೆ ಅದ್ದಿದ ಪೆನ್ನನ್ನು ಇನ್ನೊಂದು ಬಾಟಲಿಗೆ ಅದ್ದಿದರೆ ಅದೂ ಹೋಯಿತು. ನಾನು ಸಿರಿಂಜಿನಿಂದ ಸಣ್ಣ ಶೀಷೆಗೆ ತೆಗೆದು ಅದರಿಂದ ತುಂಬಿಸುವುದು. ಮೂಲ ಬಾಟಲಿಗೆ ಪೆನ್ನು ತಾಗುವುದೇ ಇಲ್ಲ.

ಚೆಲ್ಪಾರ್ಕ್ ಪೀಳಿಗೆ
ಶಾಲೆಯಲ್ಲಿ ಚೆಲ್ಪಾರ್ಕ್, ಬ್ರಿಲ್, ಕ್ಯಾಮೆಲ್ ಇಷ್ಟೇ ಗೊತ್ತಿದ್ದದ್ದು. ಹೀರೋ ಪೆನ್ನು ಇದ್ದವನು ಕ್ಲಾಸಿಗೇ ರಾಜ. ಪರೀಕ್ಷೆಯ ದಿನ ಪಕ್ಕದವನಿಗೆ ಮಸಿ ಮುಗಿದರೆ ಡೆಸ್ಕಿನ ಮೇಲೆ ಎರಡು ಹನಿ ಬಿಟ್ಟು, ಅವನು ನಿಬ್ಬಿನಿಂದ ಎಳೆದುಕೊಳ್ತಿದ್ದ. ಈಗ ಸುಲೇಖಾ ಮತ್ತೆ ಬಂದಿದೆ ಅಂತ ತಿಳಿದು ತರಿಸಿಕೊಂಡೆ. 1934ರಲ್ಲಿ ಬಂಗಾಳದಲ್ಲಿ ಶುರುವಾದ ಸ್ವದೇಶಿ ಮಸಿ, 1988ರಲ್ಲಿ ನಿಂತು 2006ರಲ್ಲಿ ಮತ್ತೆ ಆರಂಭವಾದದ್ದು. ಹಳೇ ಪೆನ್ನಿಗೆ ಇಂಥ ಸಾದಾ ಮಸಿಯೇ ಒಳ್ಳೇದು. ಚಿತ್ರ ಬರೆಯೋ ಇಂಡಿಯನ್ ಇಂಕ್ ಮಾತ್ರ ಹಾಕಬೇಡಿ, ಅದರಲ್ಲಿ ಶೆಲ್ಲಾಕ್ ಇರುತ್ತೆ, ಒಳಗೆ ಗಟ್ಟಿಯಾಗಿ ಕೂತರೆ ಪೆನ್ನು ಮುಗೀತು.

ಮೈಸೂರು ಮಂಜು
ಡೆಸ್ಕಿನ ಮೇಲೆ ಮಸಿ ಹನಿ!! ನೆನಪಾಯ್ತು ನೆನಪಾಯ್ತು.

ಬಸವನಗುಡಿ ಕ್ಲಿಕ್
ವಿಷಯ ಬೇರೆ, ಕ್ಷಮಿಸಿ. ಭಾನುವಾರದ ಸಂತೆಯಲ್ಲಿ ಒಬ್ಬರು ಬಂಗಾರದ ಬಣ್ಣದ ಲೈಕಾ ತೋರಿಸಿದರು. ಮೇಲೆ ಹಾವಿನ ಚರ್ಮ, ಜರ್ಮನ್ ಹದ್ದಿನ ಮುದ್ರೆ. ನಲವತ್ತು ಸಾವಿರ ಅಂದರು. ತಗೊಳ್ಲಾ?

ಸಂಗ್ರಹಕಾರ ಶಿವಾಜಿನಗರ
@ಬಸವನಗುಡಿ ಕ್ಲಿಕ್ ಬೇಡ ಬೇಡ. ಅವು ಸೋವಿಯತ್ ಫೆಡ್ ಅಥವಾ ಜೋರ್ಕಿ ಕ್ಯಾಮೆರಾಗಳು. ಹೆಸರು ಅಳಿಸಿ ಲೈಕಾ ಅಂತ ಕೆತ್ತಿ, ಬಂಗಾರದ ಬಣ್ಣ ಹೊಡೆದು ಪ್ರಪಂಚದ ತುಂಬಾ ಮಾರ್ತಾರೆ. ಗುರುತಿಸೋದು ಹೀಗೆ: ಲೆನ್ಸ್ ತಿರುಗಿಸಿ ಬಿಚ್ಚಿ, ಒಳಗೆ ಮೇಲ್ಗಡೆ ರೇಂಜ್‌ಫೈಂಡರಿನ ಸಣ್ಣ ತೋಳು ಕಾಣುತ್ತೆ. ನಿಜವಾದ ಲೈಕಾದಲ್ಲಿ ಅದರ ತುದಿಯಲ್ಲಿ ಪುಟ್ಟ ಗಾಲಿ ಇರುತ್ತೆ. ಫೆಡ್, ಜೋರ್ಕಿಯಲ್ಲಿ ಗಾಲಿ ಇಲ್ಲ, ಚಪ್ಪಟೆ ಬೆಣೆ. ಬಿಚ್ಚೋಕೆ ಬಿಡಲ್ಲ ಅಂದರೆ ಅಲ್ಲಿಂದ ಎದ್ದು ಬನ್ನಿ. ಅಂದಹಾಗೆ ಫೆಡ್ ಸ್ವಂತ ಹೆಸರಲ್ಲೇ ಒಳ್ಳೇ ಕ್ಯಾಮೆರಾ, ಖಾರ್ಕಿವ್‌ನಲ್ಲಿ 1934ರಿಂದ ತಯಾರಾದದ್ದು. ಆ ಬೆಲೆಗೆ ಅಲ್ಲ ಅಷ್ಟೇ.

ಬಸವನಗುಡಿ ಕ್ಲಿಕ್
ದುಡ್ಡು ಉಳೀತು. ಥ್ಯಾಂಕ್ಸ್ ಅಣ್ಣ.

ಹೊಸಬಳು
ನಾನು ಕಾಲೇಜಿನಲ್ಲಿ ಓದ್ತಿದ್ದೀನಿ. ಒಂದು ಕಲರ್ ರೋಲಿಗೆ ಸಾವಿರದ ಆಸುಪಾಸು, ತೊಳೆಸಿ ಸ್ಕ್ಯಾನ್ ಮಾಡಿಸೋಕೆ ಮತ್ತೆ ಖರ್ಚು. ನಮ್ಮಂಥವರು ಈ ಹವ್ಯಾಸ ಇಟ್ಕೊಳ್ಳೋದು ಹೇಗೆ? ಮನೇಲಿ ಒಂದು ಆಗ್ಫಾ ಕ್ಲಿಕ್ III ಬೇರೆ ಸಿಕ್ಕಿದೆ, ಅದಕ್ಕೆ ಯಾವ ರೋಲ್ ಹಾಕಬೇಕು?

ಕತ್ತಲೆಕೋಣೆ
@ಹೊಸಬಳು ಆಗ್ಫಾ ಕ್ಲಿಕ್ III ಬರೋಡಾದಲ್ಲಿ ತಯಾರಾದ ಕ್ಯಾಮೆರಾ, ಒಂದು ಕಾಲಕ್ಕೆ ಮನೆ ಮನೆಯಲ್ಲೂ ಇತ್ತು. 120 ರೋಲ್ ಹಾಕಮ್ಮ, 12 ಚೌಕ ಫೋಟೋ ಬರುತ್ತೆ. ಫೋಕಸ್ ಮಾಡೋ ಗೊಡವೆ ಇಲ್ಲ. ಬಿಸಿಲು, ಮೋಡ ನೋಡಿ ಹೊಡೆಯೋದು ಅಷ್ಟೇ.

ಖರ್ಚಿನ ವಿಷಯಕ್ಕೆ, ಬ್ಲ್ಯಾಕ್ ಅಂಡ್ ವೈಟ್‌ನಿಂದ ಶುರು ಮಾಡು. ಮನೆಯಲ್ಲೇ ತೊಳೆಯಬಹುದು, ಕತ್ತಲೆ ಕೋಣೆಯೂ ಬೇಡ. ಡಬ್ಬದೊಳಗೆ ಫಿಲ್ಮ್ ಸುತ್ತೋವಾಗ ಮಾತ್ರ ಕೈ ಹಾಕೋ ಕಪ್ಪು ಚೀಲ ಸಾಕು. ಚಿತ್ರ ಮೂಡಿಸೋ ಡೆವಲಪರ್, ಅದನ್ನು ನಿಲ್ಲಿಸೋ ಸ್ಟಾಪ್, ಚಿತ್ರ ಉಳಿಸೋ ಹೈಪೋ, ಆಮೇಲೆ ನೀರು. ಬೆಂಗಳೂರಿನ ಬೋರ್‌ವೆಲ್ ನೀರಿನಲ್ಲಿ ಕೊನೇ ತೊಳೆತ ಮಾಡಿದರೆ ನೆಗೆಟಿವ್ ಮೇಲೆ ಬಿಳಿ ಕಲೆ ಕೂರುತ್ತೆ, ಕೊನೆಗೊಮ್ಮೆ ಡಿಸ್ಟಿಲ್ಡ್ ವಾಟರ್ ಬಳಸು. ನಿಬ್ಬಿಗೂ ಅದೇ ಮಾತು.

ಬಳಸಿದ ಹೈಪೋದಲ್ಲಿ ಬೆಳ್ಳಿ ಕರಗಿರುತ್ತೆ. ಬಾವಿ ಹತ್ತಿರ, ತೋಟಕ್ಕೆ ಚೆಲ್ಲಬಾರದು. ಇದನ್ನು ಸಾಗರದವರೂ ಗಮನಿಸಿ.

ರೊಬಸ್ಟಾ ಕೊಡಗು
ಡೆವಲಪರ್ ದುಬಾರಿ ಅನ್ನಿಸಿದರೆ ಕಾಫಿಯಲ್ಲಿ ತೊಳೆಯಿರಿ! ತಮಾಷೆಯಲ್ಲ. ಕೆಫೆನಾಲ್ ಅಂತಾರೆ. 1995ರಲ್ಲಿ ಅಮೆರಿಕದ ರಾಚೆಸ್ಟರ್‌ನಲ್ಲಿ ಒಬ್ಬ ಪ್ರಾಧ್ಯಾಪಕರು ವಿದ್ಯಾರ್ಥಿಗಳ ಜೊತೆ ಮಾಡಿ ತೋರಿಸಿದ್ದು. ಒಂದು ಲೀಟರ್ ನೀರಿಗೆ 54 ಗ್ರಾಂ ವಾಷಿಂಗ್ ಸೋಡಾ, 16 ಗ್ರಾಂ ವಿಟಮಿನ್ ಸಿ ಪುಡಿ, 40 ಗ್ರಾಂ ಇನ್‌ಸ್ಟಂಟ್ ಕಾಫಿ. 20 ಡಿಗ್ರಿಯಲ್ಲಿ 15 ನಿಮಿಷ. ಕಾಫಿಯಲ್ಲಿರೋ ಕೆಫೀಕ್ ಆಮ್ಲವೇ ಫಿಲ್ಮಿನ ಬೆಳ್ಳಿಯನ್ನು ಕಪ್ಪು ಮಾಡೋದು. ಅಡುಗೆ ಸೋಡಾ ಅಲ್ಲ, ಬಟ್ಟೆ ಸೋಡಾ. ರೊಬಸ್ಟಾ ಹೆಚ್ಚಿರೋ ಅಗ್ಗದ ಪುಡಿ ಒಳ್ಳೇದು, ನಮ್ಮ ತೋಟದ ಬೆಳೆಗೆ ಇಲ್ಲಾದರೂ ಅರೇಬಿಕಾಗಿಂತ ಮೇಲಿನ ಜಾಗ ಇದೆ ಅನ್ನೋದು ನನಗೆ ತುಂಬಾ ಖುಷಿ. ಚಿಕೋರಿ ಬೆರೆಸಿದ್ದು ಬೇಡ.

ಚೆಲ್ಪಾರ್ಕ್ ಪೀಳಿಗೆ
ಫಿಲ್ಟರ್ ಡಿಕಾಕ್ಷನ್ ಆಗಲ್ವಾ?

ರೊಬಸ್ಟಾ ಕೊಡಗು
ಆಗುತ್ತೆ, ಆದರೆ ಪ್ರತಿ ಸಲ ಗಾಢತೆ ಬೇರೆ ಬೇರೆ. ಇವತ್ತು ಬಂದ ಹಾಗೆ ನಾಳೆ ಬರಲ್ಲ. ವಾಸನೆ ಮಾತ್ರ ಕಾಫಿಯದ್ದಲ್ಲ, ಕಿಟಕಿ ತೆಗೆದಿಡಿ.

ಹೊಸಬಳು
ಇವತ್ತೇ ಸೋಡಾ ತರ್ತೀನಿ!

ಸಾಗರದ ಹಕ್ಕಿ
ಹೀಲಿಯೋಸ್ ಬಿಚ್ಚಿ ಒರೆಸಿದೆ, ಎಳೆಗಳೆಲ್ಲ ಹೋದವು. ಅಂಚಿನಲ್ಲಿ ಒಂದು ಸಣ್ಣ ಗುರುತು ಉಳಿದಿದೆ, ಫೋಟೋದಲ್ಲಿ ಕಾಣಲಿಕ್ಕಿಲ್ಲ. ಮಾವನ ಜೊತೆ ಮಾತಾಡಿದೆ. ಲಿವರ್ ಪೆನ್ನಿಗೆ ಚೀಲ ಹಾಕಿಸಿ ಮಸಿ ತುಂಬದೆ ಇಡೋದು, ಪಾರ್ಕರ್, ಎಬೊನೈಟ್ ಬಳಸೋದು ಅಂತ ಒಪ್ಪಿದರು. ಈಗ ಯಾಶಿಕಾ ಪ್ರಶ್ನೆ. ಮಳೆಗಾಲದ ಅಡಿಕೆ ತೋಟದೊಳಗೆ ಬೆಳಕು ತೀರಾ ಕಡಿಮೆ, ಐಎಸ್ಒ 200ರ (ಫಿಲ್ಮ್ ಬೆಳಕಿಗೆ ಎಷ್ಟು ಚುರುಕು ಅನ್ನೋ ಅಳತೆ) ಫಿಲ್ಮಿಗೆ ಸಾಲುತ್ತಾ?

ಕತ್ತಲೆಕೋಣೆ
ಸಾಲಲ್ಲ. ಒಳ್ಳೇ ಬಿಸಿಲಿನಲ್ಲಿ 200ರ ಫಿಲ್ಮಿಗೆ ಲೆನ್ಸಿನ ಕಿಂಡಿ ಎಫ್16, ಶಟರ್ 1/250 ಸೆಕೆಂಡ್ ಅಂತ ಲೆಕ್ಕ (ಎಫ್ ಸಂಖ್ಯೆ ಇಳಿದಷ್ಟೂ ಕಿಂಡಿ ದೊಡ್ಡದು). ದಟ್ಟ ಮೋಡ ಕವಿದರೆ ಎಫ್5.6ಕ್ಕೆ ಇಳೀಬೇಕು, ತೋಟದ ನೆರಳಿಗೆ ಅದಕ್ಕಿಂತಲೂ ಎಷ್ಟೋ ಕೆಳಗೆ. ಇಲ್ಫರ್ಡ್ ಎಚ್‌ಪಿ5 ಹಾಕಿ, ಯಾಶಿಕಾದ ಡಯಲ್ಲಿನಲ್ಲಿ ಎಷ್ಟು ಮೇಲಿನ ಸಂಖ್ಯೆ ಇದೆಯೋ ಅಷ್ಟಕ್ಕೆ ಇಟ್ಟು ಹೊಡೆಯಿರಿ, 400 ದಾಟಿಸಿದರೆ ತೊಳೆಯುವಾಗ ಹೆಚ್ಚು ಹೊತ್ತು ಬಿಡಿ. ಎಲೆಕ್ಟ್ರೋ 35ರಲ್ಲಿ ಫಿಲ್ಮ್ ಎಳೆಯುವಾಗ ಒಳಗೆ 'ಟಕ್' ಅಂತ ಶಬ್ದ ಬರುತ್ತಾ ಮೊದಲು ಕೇಳಿಸಿಕೊಳ್ಳಿ. ಬರದಿದ್ದರೆ ಒಳಗಿನ ರಬ್ಬರ್ ತುಂಡು ಸವೆದಿದೆ, ಎಕ್ಸ್‌ಪೋಶರ್ ನಂಬೋಕಾಗಲ್ಲ. ಮೂಲ ಬ್ಯಾಟರಿ ಪಾದರಸದ್ದು, ಈಗ ಸಿಗಲ್ಲ. 6 ವೋಲ್ಟಿನ ಸಣ್ಣ ಬ್ಯಾಟರಿಗೆ ಅಡಾಪ್ಟರ್ ಹಾಕಿದರೆ ನಡೆಯುತ್ತೆ.

ಸಾಗರದ ಹಕ್ಕಿ
ಟಕ್ ಅನ್ನುತ್ತೆ!

ಉಡುಪಿಯಿಂದ
ಎಚ್‌ಪಿ5 ನೂರು ಅಡಿಯ ಡಬ್ಬ ತರಿಸುವ ಯೋಚನೆ ಉಂಟು. 36ರ ಹದಿನೆಂಟು ರೋಲ್ ಆಗ್ತದೆ, ಬಿಡಿ ರೋಲಿಗಿಂತ ಅಗ್ಗ. ಉದ್ದ ಫಿಲ್ಮನ್ನು ಸಣ್ಣ ರೋಲಿಗೆ ಸುತ್ತುವ ಲೋಡರ್ ನನ್ನಲ್ಲಿದೆ. ಯಾರಿಗೆಲ್ಲ ಬೇಕು ಹೇಳಿ, ಹಂಚಿಕೊಳ್ಳುವ.

ಹೊಸಬಳು
ನನಗೆ ಎರಡು!

ರೊಬಸ್ಟಾ ಕೊಡಗು
ನನಗೆ ನಾಲ್ಕು. ಬದಲಿಗೆ ಕಾಫಿ ಪುಡಿ ಕಳಿಸ್ತೀನಿ, ಕುಡಿಯೋದು ಬೇರೆ, ತೊಳೆಯೋದು ಬೇರೆ.

ಧಾರವಾಡದ ಗೌಡ್ರು
ನಂದೂ ಎರಡು ಬರಕೋರಿ. ರೊಕ್ಕ ಹ್ಯಾಂಗ ಕಳಸೋದು?